ಹನ್ನೊಂದು ಮೀಟರ್

ನಮ್ಮ ಆಸ್ಪತ್ರೆಯಲ್ಲಿ ಅವಳಿಗೆ ‘ಪರೀಕ್ಷೆ ಸಿಸ್ಟರ್’ ಅಂತಲೇ ಹೆಸರು. ನಲವತ್ತೆರಡರ ವಯಸ್ಸಿನಲ್ಲಿ, ಹೃದ್ರೋಗದ ವಾರ್ಡಿನಲ್ಲಿ ಎಂಟು ಗಂಟೆ ನಿಂತು ಕೆಲಸ ಮಾಡಿ, ಸಂಜೆ ಬಸ್ಸು ಹತ್ತಿ ವಿಶ್ವವಿದ್ಯಾಲಯಕ್ಕೆ ಓಡುತ್ತಿದ್ದಳು. ಅಂತರರಾಷ್ಟ್ರೀಯ ಔಷಧ ಅಭಿವೃದ್ಧಿಯ ಸ್ನಾತಕೋತ್ತರ ಪದವಿಗೆ. ಒಂದು ಮಾತ್ರೆ ಪ್ರಯೋಗಶಾಲೆಯಿಂದ ಹೊರಟು, ಹತ್ತಾರು ದೇಶಗಳ ರೋಗಿಗಳ ಮೇಲೆ ಪರೀಕ್ಷೆಯಾಗಿ, ಅಂಗಡಿಗೆ ಬರುವವರೆಗಿನ ದಾರಿಯ ಓದು ಅದು.

ನಾನು ಅಲ್ಲಿನ ಸ್ಟೋರ್ ಕೀಪರ್. ಹೊಸ ಔಷಧಗಳ ಪರೀಕ್ಷೆಯಲ್ಲಿರುವ ರೋಗಿಗಳಿಗೆ ಕಿಟಕಿಯಿಂದ ಮಾತ್ರೆ ಕೊಡುವುದು, ಮುಂದಿನ ಸಲ ಬಂದಾಗ ಮಾತ್ರೆಯ ಖಾಲಿ ಪಟ್ಟಿಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳುವುದು. ಮೂವತ್ತು ವರ್ಷ ಇದನ್ನೇ ಮಾಡಿ ನನ್ನ ನಾಲಿಗೆ ಸ್ವಲ್ಪ ಕಹಿಯಾಗಿದೆ, ಒಪ್ಪುತ್ತೇನೆ.

“ಈ ವಯಸ್ಸಲ್ಲಿ ಯಾಕಮ್ಮ ನಿನಗೀ ಉಸಾಬರಿ?” ಎಂದು ರೇಗಿಸುತ್ತಿದ್ದೆ.

“ನನ್ನ ತಮ್ಮನಿಗೋಸ್ಕರ ಅಣ್ಣ. ಮಾತ್ರೆ ದಾರೀಲಿ ಎಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ ಅಂತ ಗೊತ್ತಾದ್ರೆ, ಬಿಡಿಸೋರ ಜೊತೆ ಕೆಲಸಕ್ಕೆ ಸೇರ್ಕೋತೀನಿ.”

ತಮ್ಮ ದರ್ಜಿ. ಎಲ್ಲೋ ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆಯಿಂದ ಅವನ ಕಾಲಿನ ಸ್ನಾಯು ಕರಗುತ್ತಿತ್ತು. ಹೊಲಿಗೆ ಯಂತ್ರದ ಪೆಡಲ್ ತುಳಿಯಲಾಗದೆ ಮನೆಯಲ್ಲಿ ಕೂತಿದ್ದವನು ನಮ್ಮಲ್ಲೇ ಹೊಸ ಮಾತ್ರೆಯ ಪರೀಕ್ಷೆಗೆ ಸೇರಿದ. ಒಂದು ವರ್ಷಕ್ಕೆ ಗೋಡೆ ಹಿಡಿದು ನಡೆದ. ಆ ದಿನ ಅಕ್ಕ ನನ್ನ ಕಿಟಕಿಯ ಮುಂದೆ ನಿಂತು ಮುಖ ಮುಚ್ಚಿಕೊಂಡು ಅತ್ತಳು. ಸಂಬಂಧಿಕರು ಆ ಪರೀಕ್ಷೆಯ ಕಾಗದ ಮುಟ್ಟಬಾರದೆಂಬುದು ನಿಯಮ. ಅವಳು ಅದನ್ನು ಎಳ್ಳಷ್ಟೂ ಮೀರಲಿಲ್ಲ. ಅಂಕಿ ಅಂಶ ಬಿಡಿ, ಅದರಲ್ಲಿ ಒಟ್ಟು ಎಷ್ಟು ರೋಗಿಗಳಿದ್ದಾರೆಂದೂ ನನ್ನನ್ನು ಕೇಳಿದವಳಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಒಂದು ಔಷಧ ಕಂಪನಿಯ ಅಧಿಕಾರಿ ಪಾಠಕ್ಕೆ ಬಂದ. ಒಂದು ಕಡತ ಹಂಚಿದ. ಔಷಧದ ಹೆಸರಿಲ್ಲ, ಕಾಯಿಲೆಯ ಹೆಸರಿಲ್ಲ, ಬರೀ ಅಂಕಿಗಳು. ಈ ಔಷಧವನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ, ಕಾರಣ ಕೊಟ್ಟು ಬರೆಯಿರಿ ಎಂದ. ಇವಳು ಮೂರು ಭಾನುವಾರ ಕೂತು ಬರೆದಳು: ನಿಲ್ಲಿಸಬೇಕು. ರೋಗಿಗಳು ಇನ್ನೂರ ಹನ್ನೆರಡೇ ಮಂದಿ. ಆರು ನಿಮಿಷದ ನಡಿಗೆಯ ದೂರದಲ್ಲಿ ಸರಾಸರಿ ಹನ್ನೊಂದು ಮೀಟರ್ ಹೆಚ್ಚಳ. ಅದು ಬದುಕಿನಲ್ಲಿ ಗಣನೀಯ ವ್ಯತ್ಯಾಸವಲ್ಲ. ತರಗತಿಗೇ ಹೆಚ್ಚಿನ ಅಂಕ. ನಮ್ಮ ಕಂಪನಿಯ ಸಭೆಯಲ್ಲೂ ಇಷ್ಟು ಖಡಾಖಂಡಿತವಾಗಿ ಯಾರೂ ಹೇಳಿರಲಿಲ್ಲ ಎಂದು ಆ ಅಧಿಕಾರಿ ಬೆನ್ನು ತಟ್ಟಿದನಂತೆ. ಅವಳು ನನಗೆ ಬಿಸ್ಕತ್ತು ತಂದುಕೊಟ್ಟಳು. ನಾನು ತಿಂದೆ.

ಎರಡು ತಿಂಗಳಿಗೆ ತಮ್ಮನ ಮನೆಗೆ ಕಂಪನಿಯ ಪತ್ರ ಬಂತು. ಪರೀಕ್ಷೆ ನಿಂತಿದೆ, ಉಳಿದ ಮಾತ್ರೆ ಹಿಂದಿರುಗಿಸಿ, ಸಹಕಾರಕ್ಕೆ ವಂದನೆ. ಕೆಳಗೆ ಕಾರಣ: ಇನ್ನೂರ ಹನ್ನೆರಡು ರೋಗಿಗಳು, ಹನ್ನೊಂದು ಮೀಟರ್.

ಮರುದಿನ ಬೆಳಿಗ್ಗೆ ಅವಳು ಆ ಪತ್ರವನ್ನೂ ತನ್ನ ಉತ್ತರಪತ್ರಿಕೆಯನ್ನೂ ನನ್ನ ಕಿಟಕಿಯಲ್ಲಿ ಅಕ್ಕಪಕ್ಕ ಇಟ್ಟಳು. ನನಗೆ ಮೈಯೆಲ್ಲ ಉರಿಯಿತು.

“ನಡಿಗೆ ಅಂದ್ರಲ್ಲ, ಆಗಲೂ ನಿನಗೆ ಹೊಳೀಲಿಲ್ವಾ ಮಾರಾಯ್ತಿ?”

“ನಡಿಗೆ ಅಳೆಯೋ ಕಾಯಿಲೆ ಹತ್ತಿವೆ ಅಣ್ಣ. ಇವನು ಎಷ್ಟು ಚೆನ್ನಾಗಿ ನಡೀತಿದ್ದ! ಅಷ್ಟು ಕಡಿಮೆ ಕೆಲಸ ಮಾಡಿದ್ದು ಇವನ ಮಾತ್ರೆ ಅಂತ ಕನಸಲ್ಲೂ ಅಂದ್ಕೊಳ್ಳಲಿಲ್ಲ.”

ನನ್ನ ಬಾಯಿಗೆ ಬೆಂಕಿ ಹಾಕ ಎಂದುಕೊಂಡು ದನಿ ಇಳಿಸಿದೆ. “ನಿನ್ನಿಂದ ಅಲ್ಲ ಕಣಮ್ಮ. ಅವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ರು. ನಿಮಗೆ ಕೊಟ್ಟಿದ್ದು ಮುಗಿದ ಕಡತ.”

“ಗೊತ್ತು. ರಾತ್ರಿಯಿಂದ ನನ್ನ ಉತ್ತರದಲ್ಲಿ ತಪ್ಪು ಹುಡುಕ್ತಿದ್ದೀನಿ. ಒಂದೇ ಒಂದು ತಪ್ಪು ಸಿಕ್ಕಿದ್ರೆ ಅವರಿಗೆ ಬರೀಬಹುದಿತ್ತು. ಸಿಗ್ತಿಲ್ಲ ಅಣ್ಣ.”

ಸೋಮವಾರ ತಮ್ಮ ಬಂದ, ಅವಳ ತೋಳು ಹಿಡಿದು. ಡಬ್ಬಿಯಲ್ಲಿ ಹದಿನಾರು ಮಾತ್ರೆ. ನಾನು ಎರಡು ಸಲ ಎಣಿಸಿದೆ, ಅವನ ಮುಖ ನೋಡಲಾರದೆ. ಅವನಿಗೆ ಉತ್ತರಪತ್ರಿಕೆಯ ವಿಷಯ ಗೊತ್ತಿರಲಿಲ್ಲ. ಪತ್ರ ತೆಗೆದು ನನಗೇ ಓದಿ ತೋರಿಸಿದ.

“ಹನ್ನೊಂದು ಮೀಟರ್ ಏನೂ ಅಲ್ವಂತೆ ಸಾರ್! ನನ್ನ ಮಂಚದಿಂದ ಬಚ್ಚಲಿಗೆ ಎಷ್ಟಿದೆ ಗೊತ್ತಾ? ಅಳೆದಿದ್ದೀನಿ, ದರ್ಜಿ ನೋಡಿ, ಟೇಪು ಕೈಲೇ ಇರುತ್ತೆ. ಹತ್ತೂವರೆ. ಇದನ್ನ ಬರೆದ ಪುಣ್ಯಾತ್ಮ ಒಂದು ದಿನ ನನ್ನ ಜೊತೆ ತೆವಳಲಿ.”

ಅದು ಎಲ್ಲರ ಸರಾಸರಿ, ಲೆಕ್ಕ ಹಾಗಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ತಮ್ಮನ ಅಂಗಿಯ ಕಾಲರ್ ಸರಿಮಾಡಿದಳು.

ಪದವಿ ಬಂತು, ಮೊದಲ ಸ್ಥಾನದಲ್ಲಿ. ಹೋದ ವಾರ ಅವರ ಮನೆಗೆ ಹೋಗಿದ್ದೆ. ಉದ್ದನೆಯ ಓಣಿಯಂಥ ಮನೆ, ಮುಂದೆ ಮಂಚ, ತುದಿಯಲ್ಲಿ ಬಚ್ಚಲು. ಪ್ರಮಾಣಪತ್ರ ಇನ್ನೂ ಕವರಿನಲ್ಲೇ ಕಪಾಟಿನ ಮೇಲಿತ್ತು. ತಮ್ಮ ನಿಲ್ಲುವುದನ್ನು ಬಿಟ್ಟು ಆಗಲೇ ಎರಡು ತಿಂಗಳಾಗಿತ್ತು. ಅವನನ್ನು ಬೆನ್ನಿಗೆ ಹಾಕಿಕೊಂಡು ಅವಳು ಬಚ್ಚಲ ಕಡೆ ಹೊರಟಳು. ಅವಳಿಗೆ ಏದುಸಿರು ಬರುತ್ತಿತ್ತು.

“ಓದು ಮುಗೀತಲ್ಲ ಅಕ್ಕ,” ಎಂದ ಅವನು ಅವಳ ಹೆಗಲ ಮೇಲಿಂದ, ನಗುತ್ತ. “ಆ ಹನ್ನೊಂದು ಮೀಟರ್‌ನವನು ಎಲ್ಲಾದ್ರೂ ಸಿಕ್ಕಿದ್ರೆ ಹಿಡಿದು ಕೇಳು.”

“ದಿನಾ ಕೇಳ್ತಿದ್ದೀನಿ ಕಣೋ,” ಎಂದಳು ಅವಳು.