ಬಟ್ಟಲಿನ ಕೊನೆಯ ಗುಟುಕು

ಮೈಸೂರು, ಭಾನುವಾರ. ನಿನ್ನೆ ಸಂಜೆ ಪುರಭವನದಲ್ಲಿ ಅಸ್ಪೃಶ್ಯತೆ ನಿಷೇಧದ ಹೊಸ ಕಾನೂನಿನ ಮೇಲೆ ಸಭೆಯಿತ್ತು. ದೇವಸ್ಥಾನದ ಬಾಗಿಲು ಎಲ್ಲರಿಗೂ ತೆರೆಯಬೇಕೆಂದು ಇಲ್ಲಿನ ಚರ್ಚುಗಳ ಹಿರಿಯರಾದ ಬಿಷಪ್ಪರೂ ಮಾತಾಡಿದರು. ನಾನು ಇಳಿದುಕೊಂಡಿರುವ ಮನೆಯ ಯಜಮಾನರು, ವಕೀಲ ಚನ್ನೇಗೌಡರು, ಎದ್ದು ನಿಂತರು.

"ನಿಮ್ಮೋರು ಜಾತಿ ಬಿಟ್ಟಿದಾರಾ ಸ್ವಾಮಿ?"

ಸಭೆ ಚಪ್ಪಾಳೆ ತಟ್ಟಿತು. ಬಿಷಪ್ಪರು ಕೋಪಿಸಿಕೊಳ್ಳಲಿಲ್ಲ. "ಪೂರ್ತಿ ಬಿಟ್ಟಿಲ್ಲ. ನಾಳೆ ಚರ್ಚಿಗೆ ಬನ್ನಿ, ನೀವೇ ನೋಡಿ" ಎಂದರು.

ಇವತ್ತು ಗೌಡರೂ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆವು. ಜನ ಮುಂದೆ ಹೋಗಿ ಸಾಲಾಗಿ ಮಂಡಿಯೂರಿದರು. ದ್ರಾಕ್ಷಾರಸದ ಒಂದೇ ಬೆಳ್ಳಿ ಬಟ್ಟಲು ಬಾಯಿಂದ ಬಾಯಿಗೆ ಹೋಯಿತು. ಕೋಟು ತೊಟ್ಟ ಮೇಷ್ಟರು ಕುಡಿದರು, ನರ್ಸಮ್ಮ ಕುಡಿದರು, ಎಲ್ಲರಿಗಿಂತ ಕೊನೆಗೆ ಬೀದಿ ಗುಡಿಸುವ ಮುದುಕ ಮೀಸೆ ನೆನೆಯುವಂತೆ ಕುಡಿದ. ಅದು ಪ್ರಸಾದವಿದ್ದಂತೆ, ಉಳಿದದ್ದನ್ನು ಚೆಲ್ಲುವಂತಿಲ್ಲವೆಂದು ಪಕ್ಕದ ಹೆಂಗಸು ಪಿಸುಗುಟ್ಟಿದರು. ಅದನ್ನು ಬಿಷಪ್ಪರೇ ಕುಡಿದರು. ಆಮೇಲೆ ಬಟ್ಟಲಿಗೆ ನೀರು ಹಾಕಿ, ಅಲುಗಿಸಿ, ಆ ನೀರನ್ನೂ ಕುಡಿದರು. ಕುಡಿಯುವಾಗ ಒಮ್ಮೆಯೂ ನಮ್ಮತ್ತ ನೋಡಲಿಲ್ಲ. ನನಗೆ ಬಹಳ ಹಿಡಿಸಿದ್ದು ಅದು.

ಹೊರಗೆ ಬಂದದ್ದೇ ಗೌಡರು ಜಟಕಾ ಕರೆದರು.

"ಬಿಷಪ್ಪರನ್ನ ಮಾತಾಡಿಸೋದಿಲ್ವೇ?" ಎಂದೆ.

"ಬ್ಯಾಡ ಕಣ್ರೀ, ಬೇಗ ಹತ್ತಿ. ಅವರು, ನಿಮ್ಮನೇಗೂ ಬಂದು ನೋಡ್ತೀನಿ ಅಂದ್ಬುಟ್ರೆ? ನಮ್ಮನೆ ಕಸ ಗುಡಿಸೋನ ಲೋಟ ಇನ್ನೂ ಹಿತ್ತಲ ಗೋಡೆ ಮೇಲೇ ಇದೆ."