ಗೆರೆಯೊಳಗಿನ ನೂರಾ ಹನ್ನೆರಡು

ರೈಲು ನಿಲ್ದಾಣದ ಎದುರಿನ ಪಾರ್ಕಿಂಗ್ ಜಾಗದಲ್ಲಿ ಬಿಳಿ ಗೆರೆ ಎಳೆದು ಗುರುತು ಮಾಡಿದ್ದು ನೂರಾ ಹನ್ನೆರಡು ಕಾರುಗಳಿಗೆ. ದಿನಾ ಬೆಳಿಗ್ಗೆ ಅಲ್ಲಿಗೆ ಬರುತ್ತಿದ್ದ ಕಾರುಗಳು ನೂರಾ ಎಪ್ಪತ್ತಕ್ಕೆ ಕಮ್ಮಿಯಿರಲಿಲ್ಲ. ಇವೆರಡರ ನಡುವಿನ ಅಂತರವನ್ನು ಇಪ್ಪತ್ತೊಂದು ವರ್ಷಗಳಿಂದ ನುಂಗಿಕೊಂಡು ಬಂದವನು ಅಲ್ಲಿನ ಕಾವಲುಗಾರ. ಎಲ್ಲರ ಬಾಯಲ್ಲೂ ಅವನು ಕೀಲಿ ಮಾಮ.

ಅದರಲ್ಲಿ ಮಾಟಮಂತ್ರವೇನಿರಲಿಲ್ಲ. ಯಾರು ಯಾವ ರೈಲಿಗೆ ಹೋಗಿ ಯಾವ ರೈಲಿಗೆ ಮರಳುತ್ತಾರೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ತಡವಾಗಿ ಮರಳುವವರ ಕಾರು ಗೋಡೆಯ ಕಡೆ, ಬೇಗ ಮರಳುವವರದು ಗೇಟಿನ ಕಡೆ. ಜನ ಕೀಲಿಯನ್ನು ಅವನ ಕೈಗೆ ಹಾಕಿ ಪ್ಲಾಟ್‌ಫಾರ್ಮಿಗೆ ಓಡುತ್ತಿದ್ದರು. ಗುಮಾಸ್ತನ ಕಾರಿನ ಬೆನ್ನಿಗೆ ಹಲ್ಲಿನ ವೈದ್ಯೆಯ ಕಾರು, ಅದಕ್ಕೆ ಅಡ್ಡಲಾಗಿ ಸಂಗೀತದ ಮೇಷ್ಟರದು. ಎರಡು ಕಾರುಗಳ ನಡುವೆ ಅವನು ಉಸಿರು ಬಿಗಿಹಿಡಿದು ನುಸುಳುವಷ್ಟೇ ಸಂದು. ಹೊಟ್ಟೆ ಬೆಳೆಯದಂತೆ ನೋಡಿಕೊಳ್ಳುವುದೂ ಕೆಲಸದ ಭಾಗವೇ ಎಂದು ಅವನು ತಿಳಿದಿದ್ದ.

ಹೊಟ್ಟೆ ಬೆಳೆಯಲಿಲ್ಲ, ಮಂಡಿನೋವು ಬೆಳೆಯಿತು. ದಿನಕ್ಕೆ ನೂರಾರು ಸಲ ಕಾರು ಹತ್ತಿ ಇಳಿದು ಬಲಮಂಡಿ ಕಟಕಟ ಎನ್ನತೊಡಗಿತು. ಹಿಂಬದಿಯ ಪಾಳು ಗೋದಾಮನ್ನು ಕೆಡವಿ ಜಾಗ ದೊಡ್ಡದು ಮಾಡಬೇಕೆಂದು ಅವನು ಅರ್ಜಿ ಕೊಟ್ಟ. ಅಕ್ಷರ ಮಗಳದು, ಸಹಿ ಅವನದು. ಅರ್ಜಿ ತಲುಪಿದ ಮೇಲೆ ಒಬ್ಬ ಅಧಿಕಾರಿ ಸರಿಯಾಗಿ ಹತ್ತು ಗಂಟೆಗೆ ಪರಿಶೀಲನೆಗೆ ಬಂದ. ಎಲ್ಲ ಕಾರುಗಳೂ ಒಳಗಿದ್ದವು, ರಸ್ತೆ ಖಾಲಿಯಿತ್ತು. ‘ಕೊರತೆ ಕಂಡುಬಂದಿಲ್ಲ’ ಎಂದು ಬರೆದುಕೊಂಡು ಹೋದ. ನಾಲ್ಕು ವರ್ಷಗಳಲ್ಲಿ ಹೀಗೆ ಮೂರು ಸಲ ಆಯಿತು.

ಮೂರನೆಯ ಸಲ ಆದಮೇಲೆ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆಯೇ ಕೇಳಿದಳು: “ನಿಮ್ಗೆ ಸಂಬಳ ಕೊಡೋದು ಗೆರೆ ಒಳಗೆ ನಿಲ್ಸೋಕಾ, ಗೆರೆ ಹೊರಗೆ ನಿಲ್ಸೋಕಾ?”

“ಒಳಗೆ.”

“ಹಾಗಾದ್ರೆ ಮುಂದಿನ ಸಲ ಅವ್ರು ಬರೋ ದಿನ ಅಷ್ಟೇ ಮಾಡಿ.”

ಮಾತು ಅವನಿಗೆ ಹಿಡಿಸಿತು. ನಾಲ್ಕನೆಯ ಪರಿಶೀಲನೆಯ ದಿನ ಗೆರೆಯೊಳಗೆ ಕಾರು ನಿಲ್ಲಿಸುತ್ತ ಬಂದ. ಏಳೂ ಐವತ್ತಕ್ಕೆ ನೂರಾ ಹನ್ನೆರಡು ಮುಗಿಯಿತು. ಅವನು ಗೇಟಿಗೆ ಸರಪಳಿ ಹಾಕಿ ಕೈಕಟ್ಟಿ ನಿಂತ. ಎಂಟು ಗಂಟೆಗೆ ಸಾಲು ಔಷಧಿ ಅಂಗಡಿಯವರೆಗೆ ಬೆಳೆದಿತ್ತು, ಐದು ನಿಮಿಷದಲ್ಲಿ ಬಸ್ಸೊಂದು ಅದರೊಳಗೆ ಸಿಕ್ಕಿಬಿತ್ತು. ಮಾಮನಿಗೆ ತಲೆ ಕೆಟ್ಟಿದೆ ಎಂದು ಕೆಲವರು, ಮೊದಲಿನಿಂದಲೂ ಕೆಟ್ಟಿತ್ತು ಎಂದು ಕೆಲವರು. ಅವನು ಜಪ್ಪಯ್ಯ ಎನ್ನಲಿಲ್ಲ. ಇನ್ನೆರಡು ಗಂಟೆ ಹೀಗೇ ನಿಂತರೆ ಗೋದಾಮು ಬಿದ್ದ ಹಾಗೆಯೇ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಆಗ ಆಸ್ಪತ್ರೆಯ ನರ್ಸ್ ಕಾರಿನಿಂದಿಳಿದು ಬಂದಳು. ಅವಳು ಬೈಯಲಿಲ್ಲ. ಎಂದಿನಂತೆ ಕೀಲಿ ಚಾಚಿದಳು.

“ಇವತ್ತು ಜಾಗ ಇಲ್ಲಮ್ಮ.”

“ನನ್ ಜಾಗಕ್ಕೆ ರಾತ್ರಿ ಪಾಳಿಯವಳು ಕಾಯ್ತಿದಾಳೆ ಮಾಮ. ನಾನು ಹೋಗೋವರ್ಗೂ ಅವಳು ಮನೆಗೆ ಹೋಗೋ ಹಾಗಿಲ್ಲ.”

ಅವನ ಕೈ ತಾನಾಗಿಯೇ ಮುಂದೆ ಬಂತು. ಒಂದು ಕೀಲಿ ತೆಗೆದುಕೊಂಡ ಮೇಲೆ ಎರಡನೆಯದನ್ನು ಬೇಡವೆನ್ನಲು ಕಾರಣ ಹೊಳೆಯಲಿಲ್ಲ. ಸರಪಳಿ ಬಿಚ್ಚಿದ. ಒಂಬತ್ತೂವರೆಗೆ ಕೊನೆಯ ಕಾರನ್ನೂ ಒಳಗೆ ತುರುಕಿ, ಬೆವರು ಒರೆಸಿಕೊಂಡು ಕುಳಿತ. ಹತ್ತಕ್ಕೆ ಬಂದ ಅಧಿಕಾರಿ, ಇಷ್ಟು ಶಿಸ್ತಿನ ಜಾಗವನ್ನು ತಾನು ಬೇರೆಲ್ಲೂ ನೋಡಿಲ್ಲ ಎಂದು ಬೆನ್ನು ತಟ್ಟಿ ಹೋದ.

ಅದಾಗಿ ಎರಡು ವಾರಕ್ಕೆ ಮಂಡಿ ಪೂರ್ತಿ ಕೈಕೊಟ್ಟಿತು. ಡಾಕ್ಟರು ಇಪ್ಪತ್ತು ದಿನ ಕಾಲು ಊರಬಾರದೆಂದರು. ಅವನ ಬದಲಿಗೆ ಬಂದವನು ನಿಯತ್ತಿನ ಮನುಷ್ಯ, ಗೆರೆ ದಾಟುವವನಲ್ಲ. ಮೊದಲ ದಿನ ಬಸ್ಸು ನಿಂತಿತು. ಮೂರನೆಯ ದಿನ ಆಂಬುಲೆನ್ಸ್ ಊರು ಸುತ್ತಿ ಹೋಯಿತು. ಐದನೆಯ ದಿನ ನಿಲ್ದಾಣದ ಮೇಲಧಿಕಾರಿಯ ಕಾರೇ ರಸ್ತೆಯಲ್ಲಿ ಸಿಕ್ಕಿಕೊಂಡಿತು. ಒಂಬತ್ತನೆಯ ದಿನ ಗೋದಾಮು ಕೆಡವಲು ಆದೇಶ ಬಂತು. ಸುದ್ದಿ ತಂದ ನರ್ಸ್, ಮಂಡಿಗೆ ಪಟ್ಟಿ ಕಟ್ಟಿದ್ದು ಸಡಿಲವಾಗಿದೆ ಎಂದು ಬಿಚ್ಚಿ ಮತ್ತೆ ಕಟ್ಟಿ ಹೋದಳು. ಇಷ್ಟು ವರ್ಷ ತಾನು ಕೆಲಸ ಮಾಡಿದ್ದರಿಂದ ಆಗದ್ದು ಮಲಗಿದ್ದರಿಂದ ಆಯಿತಲ್ಲ ಎಂದು ಅವನಿಗೆ ಅನ್ನಿಸಿತು. ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ.

ಮರುವರ್ಷ ಮುನ್ನೂರು ಕಾರುಗಳ ಹೊಸ ಜಾಗ ತೆರೆಯಿತು. ಈಗ ಗೇಟು ತಾನೇ ಏಳುತ್ತದೆ, ಕೀಲಿ ಅವರವರ ಜೇಬಿನಲ್ಲೇ ಇರುತ್ತದೆ. ಅವನಿಗೊಂದು ಕುರ್ಚಿ ಕೊಟ್ಟರು, ವಾರಕ್ಕೆ ಒಂದರ ಬದಲು ಎರಡು ರಜೆ ಕೊಟ್ಟರು. ಮೊದಲ ಹೆಚ್ಚುವರಿ ರಜೆಯ ಬೆಳಿಗ್ಗೆ ಅವನು ಹೆಂಡತಿಯನ್ನು ಕರೆದುಕೊಂಡು ಎಂಟೂ ಇಪ್ಪತ್ತರ ರೈಲು ಹತ್ತಿದ. ಇಷ್ಟು ವರ್ಷದಲ್ಲಿ ಆ ರೈಲಿಗೆ ಅವನು ಜನರನ್ನು ಓಡಿಸಿದ್ದನೇ ಹೊರತು ತಾನು ಕಾಲಿಟ್ಟಿರಲಿಲ್ಲ.

ಗುಮಾಸ್ತ ಬಾಯಿ ತೆರೆದು ನಿದ್ದೆಹೋಗಿದ್ದ. ಹಲ್ಲಿನ ವೈದ್ಯೆ ಕಿಟಕಿಗೆ ತಲೆಯಾನಿಸಿದ್ದಳು. ಸಂಗೀತದ ಮೇಷ್ಟರ ಗೊರಕೆ ಮಾತ್ರ ಶ್ರುತಿಯಲ್ಲಿರಲಿಲ್ಲ.

“ಇದಕ್ಕಾ ಇವ್ರೆಲ್ಲ ಅಷ್ಟೊಂದು ಓಡ್ತಿದ್ದಿದ್ದು?” ಹೆಂಡತಿ ಪಿಸುಗುಟ್ಟಿದಳು.

“ಕೂತ್ಕೊಳ್ಳೋಕೆ ಜಾಗ ಸಿಗ್ಬೇಕಲ್ವಾ,” ಎಂದು ಅವನು ಬಲಗಾಲು ನೀಡಿ ಕುಳಿತ.