ಅಜ್ಜಿ ತಿಕ್ಕದ ಬೋಗುಣಿ

ದೀಪಾವಳಿಯ ಮುಂಚೆ ತವರಿಗೆ ಹೋದರೆ ಅಟ್ಟದ ಪಾತ್ರೆಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಈ ಸಲವೂ ಬ್ಯಾಡಗಿಯ ಮನೆಯ ಹಿತ್ತಲಲ್ಲಿ ಹುಣಸೆಹಣ್ಣು ಮುಂದಿಟ್ಟುಕೊಂಡು ಕೂತಿದ್ದೆ. ರಾಶಿಯ ತಳದಿಂದ ಒಂದು ಪುಟ್ಟ ಬೋಗುಣಿ ಬಂತು. ಒಳಗೆ ಲಕಲಕ, ಹೊರಗೆ ಕಾಡಿಗೆಗಪ್ಪು. ಮೂಸಿದೆ. ಭ್ರಮೆಯೋ ಏನೋ, ಸೀನು ಬಂದೇಬಿಟ್ಟಿತು. ನಗಬೇಡಿ, ಆ ಸೀನಿನ ಹಿಂದೆ ಒಂದು ಕತೆಯಿದೆ.

ಮೊಬೈಲುಗಳು ಒಂದೊಂದಾಗಿ ಮನೆಗಳಿಗೆ ಬರುತ್ತಿದ್ದ ಕಾಲ. ನಾನು ಹತ್ತನೆಯ ತರಗತಿ. ಹೆಚ್ಚು ಖರ್ಚಿಲ್ಲದೆ ಏನಾದರೂ ಪ್ರಾಜೆಕ್ಟ್ ಮಾಡಿ ತನ್ನಿರೆಂದು ವಿಜ್ಞಾನದ ಮಾಸ್ತರರು ಹೇಳಿದರು. ನಾನು ಬಿಸಿಲಿನ ಒಲೆ ಮಾಡುತ್ತೇನೆಂದು ಜಂಬದಿಂದ ಕೈ ಎತ್ತಿದೆ. ಅಜ್ಜನ ಹಳೆಯ ಕೊಡೆ ಸಿಕ್ಕಿತು. ಅದರ ಒಳಮೈಗೆ ಅಂಟಿಸಲು ಸಿಗರೇಟು ಪಾಕೀಟಿನೊಳಗಿನ ಬೇಗಡೆ ಬೇಕಿತ್ತು. ಖಾಲಿ ಪಾಕೀಟು ಕೇಳಿದರೆ ಪಾನಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮಪ್ಪಗ ಹೇಳ್ಲೇನು?” ಎಂದ. ಅಂತೂ ಮೈದಾ ಅಂಟಿನಲ್ಲಿ ಬೇಗಡೆ ಹಚ್ಚಿ, ಕೊಡೆಯನ್ನು ಸೂರ್ಯನತ್ತ ತೆರೆದಿಟ್ಟೆ. ಬೆಳಕೆಲ್ಲ ಕೋಲಿನ ನಡುವೆ ಬಂದು ಕೂಡುವ ಜಾಗದಲ್ಲಿ ಬೋಗುಣಿ ಕಟ್ಟಿದೆ.

ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಬಿಸಲು ಇರೂದು ಮೆಣಸಿನಕಾಯಿ ಒಣಗಸಾಕ. ಅಡಿಗಿ ಮಾಡಾಕಲ್ಲ.”

“ಚಹಾ ಕುದಿಸಿ ತೋರಸ್ಲೇನು?”

“ತೋರ್ಸು. ನೀ ಕುದಿಸಿದ್ರ ನಿನ್ನ ರಾಣೆಬೆನ್ನೂರಿಗೆ ಕಳಸಂತ ನಿಮ್ಮಪ್ಪಗ ನಾನ ಹೇಳ್ತೇನಿ.”

ರಾಣೆಬೆನ್ನೂರಿನ ಕಾಲೇಜಿನಲ್ಲಿ ಸೈನ್ಸ್ ಓದಬೇಕೆಂದು ನಾನು ತಿಂಗಳುಗಟ್ಟಲೆ ಗೋಗರೆದಿದ್ದೆ. ದಿನಾ ಬಸ್ಸು ಹತ್ತುವ ತಾಪತ್ರಯ ಬೇಡ, ಊರಲ್ಲೇ ಆರ್ಟ್ಸ್ ಸಾಕು ಎನ್ನುತ್ತಿದ್ದರು ಅಪ್ಪ. ಅಜ್ಜಿಯ ಮಾತನ್ನು ಮಾತ್ರ ಅಪ್ಪ ಎಂದೂ ಮೀರಿದವರಲ್ಲ.

ಮೊದಲ ದಿನ ನೀರು ಉಗುರುಬೆಚ್ಚಗಾಯಿತು, ಅಷ್ಟೆ. ಪಾತ್ರೆ ಹೊಳೆಯುತ್ತಿರುವುದೇ ತಪ್ಪು, ಕಪ್ಪು ಬಣ್ಣವಾದರೆ ಶಾಖ ಹೀರುತ್ತದೆ ಎಂದರು ಮಾಸ್ತರರು. ದೀಪದ ಮಸಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಬೋಗುಣಿಯ ಹೊರಮೈಗೆ ಬಳಿದೆ. ಬೆಳಗ್ಗೆ ಎದ್ದರೆ ಬೋಗುಣಿ ಕನ್ನಡಿಯಾಗಿತ್ತು! “ಮಂದಿ ಬರೂ ಮನಿ. ಇಂಥಾ ಕರಿ ಪಾತ್ರಿ ಕಂಡ್ರ ಏನಂದಾರು?” ಎಂದಳು ಅಜ್ಜಿ, ಹುಣಸೆಹಣ್ಣಿನ ಕೈ ತೊಳೆಯುತ್ತ. ಮತ್ತೆ ಬಳಿದೆ, ಮತ್ತೆ ತಿಕ್ಕಿದಳು. ಮೂರನೆಯ ಸಲ ಬಳಿದು, ಬೋಗುಣಿಯನ್ನು ನನ್ನ ಪಾಟಿಚೀಲದೊಳಗೆ ಬಚ್ಚಿಟ್ಟೆ. ನೋಟ್‌ಬುಕ್ಕುಗಳೆಲ್ಲ ಮಸಿಯಾದವು.

ಮರುದಿನ ರಜೆ. ಮಟಮಟ ಮಧ್ಯಾಹ್ನ ಕೊಡೆಗೆ ಖಾಲಿ ಬೋಗುಣಿ ಕಟ್ಟಿ, ಚಹಾಕ್ಕೆ ಹಾಲು ತರಲು ಹೋದೆ. ವಾಪಸು ಬರುವಾಗ ಓಣಿಗೆ ಓಣಿಯೇ ಕೆಮ್ಮುತ್ತಿತ್ತು. ಎದುರುಮನೆಯವರು ಸೆರಗು ಮೂಗಿಗೆ ಒತ್ತಿಕೊಂಡು, “ಯಾರ ಮನ್ಯಾಗ್ರೀ ಈ ಘಾಟು?” ಎಂದು ಕೂಗುತ್ತಿದ್ದರು. ನಮ್ಮ ಮನೆಯದೇ! ಅಜ್ಜಿ ನನ್ನ ಕಣ್ಣು ತಪ್ಪಿಸಿ ಒಂದು ಹಿಡಿ ಮೆಣಸಿನಕಾಯಿ ಬೋಗುಣಿಗೆ ಹಾಕಿ, ಬಿಸಿಲು ಒಣಗಿಸುವುದಕ್ಕಷ್ಟೇ ಎಂದು ಸಾಧಿಸಲು ಹೊರಟು, ಕಟ್ಟೆಯ ಮೇಲೆ ನಿದ್ದೆ ಹೋಗಿದ್ದಳು. ಒಳಗೆ ಮೆಣಸಿನಕಾಯಿ ಸೀದು ಇದ್ದಿಲಾಗಿತ್ತು.

ಅಜ್ಜಿ ಕಣ್ಣೀರು ಒರೆಸುತ್ತ ಬೋಗುಣಿಯನ್ನು ದಿಟ್ಟಿಸಿದಳು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವಳು ಕೆಮ್ಮುತ್ತಲೇ ಒಳಗಿದ್ದ ಅಪ್ಪನನ್ನು ಕೂಗಿದಳು: “ಏ ತಮ್ಮಾ, ಇಕಿನ್ನ ರಾಣೆಬೆನ್ನೂರಿಗೆ ಕಳಸು. ಕಳಸಲಿಲ್ಲಂದ್ರ ನಮ್ಮ ಮನೀನ ಸುಡ್ತಾಳ!”

ಹಾಲಿನ ಚೊಂಬು ಹಿಡಿದುಕೊಂಡೇ ನಾನು ಕುಣಿದೆ. ಹಾವೇರಿಯ ವಿಜ್ಞಾನ ಪ್ರದರ್ಶನದಲ್ಲಿ ನನ್ನ ಒಲೆಯ ಬಿಸಿನೀರು ಮೂಸಿದ ತೀರ್ಪುಗಾರರು ಏಳು ಸಲ ಸೀನಿದರು. ಬಹುಮಾನ ಹೋಯಿತು, ಹೋಗಲಿ ಬಿಡಿ. ಆ ಬೋಗುಣಿಯಲ್ಲಿ ಚಹಾ ಮಾಡುವ ಧೈರ್ಯ ಮಾತ್ರ ಯಾರಿಗೂ ಆಗಲಿಲ್ಲ.

ಅದನ್ನೆಲ್ಲ ನೆನೆಯುತ್ತಲೇ ಕೈ ಹುಣಸೆಹಣ್ಣಿನತ್ತ ಹೋಗಿತ್ತು ನೋಡಿ. ಒಳಗಿನಿಂದ ಅಜ್ಜಿ ಗದರಿದಳು: “ಏ! ಅದನ್ನ ತಿಕ್ಕಬ್ಯಾಡ. ಕರೇದು ಇದ್ರನ ಕಾಯ್ತೈತಿ.”

ಹಾವೇರಿಯ ಶಾಲೆಯಲ್ಲಿ ಪ್ರತಿವರ್ಷ ಇದೇ ಪಾಠ ಹೇಳಿ ಸಂಬಳ ತಗೊಳ್ಳುವವಳು ನಾನು. ಪಾತ್ರೆಯ ಮೇಲೆ ಒಂದು ಕಲೆ ಸಹಿಸದ ಅಜ್ಜಿ ಇದನ್ನು ಇಷ್ಟು ವರ್ಷ ತಿಕ್ಕದೆ ಇಟ್ಟಿದ್ದಳು. ನನಗೆ ನಾಚಿಕೆಯಾಯಿತು. ಹುಣಸೆಹಣ್ಣನ್ನು ದೂರ ಸರಿಸಿದೆ.

“ಚಹಾ ಕುದಿಸಿ ತೋರಸ್ತೇನಿ ಅಂದಿದ್ದಿ. ಎಲ್ಲೈತಿ?” ಎಂದಳು.

ಎದ್ದೆ. ಅಪ್ಪನ ಕೊಡೆಯ ಒಳಮೈಗೆ ಅಡುಗೆಮನೆಯ ಫಾಯಿಲ್ ಹಚ್ಚಿ, ಬೋಗುಣಿಯ ಸಮೇತ ಮಾಳಿಗೆಗೆ ಹೊತ್ತೆ. ಎಷ್ಟು ಹೊತ್ತಾಯಿತೆಂದು ಕೇಳಬೇಡಿ, ಅಷ್ಟರಲ್ಲಿ ಅಜ್ಜಿ ಎರಡು ನಿದ್ದೆ ತೆಗೆದಳು. ಕೊನೆಗೂ ಚಹಾ ಕುದಿಯಿತು. ಅಜ್ಜಿ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದಳು, ಮುಖ ಕಿವುಚಿದಳು, ಕೆಮ್ಮಿದಳು.

“ಖಾರ ಐತಿ,” ಎಂದಳು. ಖಾಲಿ ಬಸಿಯನ್ನು ಮತ್ತೆ ಮುಂದೆ ಹಿಡಿದಳು.